ಯಾವ ಸಾಲಿಗೆ

ಸನ್‌ಶೈನ್ ಎಂದು ಈ ಬಡಾವಣೆಯ ಹೆಸರು.
ಬಿಸಿಲಲ್ಲಿ ನಾನಿದನ್ನು ನೋಡಿದ್ದು ಕಡಿಮೆ.
ರಾತ್ರಿ ಹತ್ತಕ್ಕೆ ಅಂಗಡಿಯ ಹಿಂಬಾಗಿಲಿಂದ ಒಳಗೆ,
ಬೆಳಗಿನ ಆರಕ್ಕೆ ಹೊರಗೆ.
ಹಿಂದೆ ಇಲ್ಲಿ ಗೋಧಿ ಕೊಯ್ಯುವ ಯಂತ್ರ ಮಾಡುತ್ತಿದ್ದರಂತೆ,
ಯಂತ್ರದ ಹೆಸರೇ ಊರಿಗೂ ಅಂಟಿತಂತೆ.
ಈಗ ಗೋಧಿ ಡಬ್ಬದಲ್ಲಿ ಬರುತ್ತದೆ. ನಾನು ಒಟ್ಟುತ್ತೇನೆ.

ನಾಲ್ಕನೆಯ ಸಾಲು ಪಾಸ್ತಾ. ಏಳನೆಯದು ನೂಡಲ್ಸ್.
ನಡುವೆ ಬೆಕ್ಕಿನ ಆಹಾರ, ಬಟ್ಟೆ ಸೋಪು.
ಎರಡನ್ನೂ ಒಂದೇ ರಾತ್ರಿ ಒಟ್ಟುವವರಿಗೆ
ವ್ಯತ್ಯಾಸ ಮೊಣಕಾಲಿನಲ್ಲಿ ತಿಳಿಯುತ್ತದೆ:
ಪಾಸ್ತಾ ಕಲ್ಲು ಹೊತ್ತ ಹಾಗೆ,
ನೂಡಲ್ಸ್ ಪೆಟ್ಟಿಗೆಯಲ್ಲಿ ಅರ್ಧ ಗಾಳಿ.

ಮಂಗಳವಾರ ಚೀಟಿಯಿಲ್ಲದ ಒಂದು ಪೆಟ್ಟಿಗೆ ಬಂತು.
ಬ್ಲೇಡಿನಿಂದ ಸೀಳಿದೆ. ಶಾವಿಗೆ.
ಸ್ಕ್ಯಾನರು ಕುಂಯ್ ಅಂದು
ತೆರೆಯ ಮೇಲೆ ಬರೆಯಿತು: ಸ್ಥಳ ನಿಗದಿಯಾಗಿಲ್ಲ.

(ವಲಸೆ ಬಂದವರ ಬಾಳಿಗೆ ಇದನ್ನು ಹೋಲಿಸಬೇಡಿ.
ಹೋಲಿಸುವ ಹೊತ್ತಲ್ಲ ಅದು. ರಾತ್ರಿ ಎರಡೂವರೆ, ಹಸಿವು.)

ಒರ್ನೆಲ್ಲಾ ಕೇಳಿದಳು, ಯಾವ ಗೋಧಿ?
ಬನ್ಸಿ, ಅಂದೆ. ಗಟ್ಟಿ ಕಾಳು, ಹಳದಿ ರವೆ.
ಹಾಗಾದರೆ ಪಾಸ್ತಾ, ಎಂದು ತೀರ್ಪು ಕೊಟ್ಟಳು,
ಅರವತ್ತಮೂರರ ಕೈ ಸೊಂಟದ ಮೇಲಿಟ್ಟು.
ಅವಳ ಅಜ್ಜಿಯ ಮನೆಯಲ್ಲಿ, ಅಬ್ರುಝೊ ಬೆಟ್ಟದಲ್ಲಿ
ತಂತಿ ಬಿಗಿದ ಮರದ ಪೆಟ್ಟಿಗೆಯಿತ್ತಂತೆ.
ಲಟ್ಟಿಸಿದ ಹಿಟ್ಟು ಹಾಸಿ ಲಟ್ಟಣಿಗೆ ಉರುಳಿಸಿದರೆ
ಕೆಳಗೆ ಎಳೆ ಎಳೆ. ಅಂಟಿದ್ದನ್ನು ಬೀಳಿಸಲು
ಬೆರಳಿಂದ ತಂತಿ ಮೀಟಬೇಕು.
ನಾನು ಧಾರವಾಡದ ಕಡೆಯವಳು, ತಂಬೂರಿ ಕಂಡವಳು;
ಹಿಟ್ಟಿಗೂ ಶ್ರುತಿ ಹಿಡಿಯುವ ಜನ ಇದ್ದಾರೆಂದು ಗೊತ್ತಿರಲಿಲ್ಲ.

ವೆನ್‌ಬಿನ್ ಫೋರ್ಕ್‌ಲಿಫ್ಟ್ ನಿಲ್ಲಿಸಿ ಬಂದ.
ಅವನು ಗೋಧಿ ಕೇಳಲಿಲ್ಲ. ಕತ್ತರಿಸಿದ್ದೋ, ಎಳೆದದ್ದೋ?
ನಮ್ಮ ಕಡೆ ಎಳೆಯುತ್ತಾರೆ, ಅಂದೆ.
ನೀಲಗಂಗಕ್ಕ ಓರೆ ಮಣೆಯ ಮೇಲೆ ಹಿಟ್ಟು ಹೊಸೆಯುತ್ತ,
ಕೆಳಗೆ ಕೂತ ನಾನು ಎಳೆ ಹಿಡಿದು ಕೋಲಿಗೆ ಹಾಕುತ್ತ,
'ಹರೀಬ್ಯಾಡ ನಮ್ಮವ್ವಾ' ಎಂದು ಆಕೆ ದಿನಕ್ಕೆ ನೂರು ಸಲ.
ಹಾಗಾದರೆ ನೂಡಲ್ಸ್, ಅಂದ.
ಲಾನ್‌ಝೌದಲ್ಲಿ ಅವನ ಮಾವ ಹಿಟ್ಟಿಗೆ ಬೂದಿಯ ನೀರು ಹಾಕಿ
ಎಳೆದು ಮಡಿಚಿ, ಎಳೆದು ಮಡಿಚಿ,
ಎಂಟನೆಯ ಸಲಕ್ಕೆ ಇನ್ನೂರೈವತ್ತಾರು ಎಳೆ.
ಲೆಕ್ಕವನ್ನು ಗಾಳಿಯಲ್ಲಿ ಕೈ ಅಗಲಿಸಿ ತೋರಿಸಿದ,
ಟೊಮೇಟೊ ಪೇಸ್ಟಿನ ಡಬ್ಬಿ ಎರಡು ಉರುಳಿದವು.

ಜಗಳ ನೀರಿಗೆ ಬಂತು.
ಕುದಿವ ನೀರು ಸಮುದ್ರದಷ್ಟು ಉಪ್ಪಿರಬೇಕು, ಅವಳು.
ಉಪ್ಪು ಹಿಟ್ಟಿನಲ್ಲಿರಬೇಕು, ನೀರು ಸಪ್ಪೆ, ಅವನು.
ಹಲ್ಲಿಗೆ ಸಿಗಬೇಕು, ಅವಳು.
ತುಟಿಗೆ ಸಿಗಬೇಕು, ಸುರ್ರೆನ್ನಬೇಕು, ಅವನು.
ಸದ್ದು ಮಾಡಿದರೆ ನನ್ನಮ್ಮ ಕಪಾಳಕ್ಕೆ ಬಾರಿಸುತ್ತಿದ್ದಳು.
ಮಾಡದಿದ್ದರೆ, ರುಚಿಯಿಲ್ಲವೇ ಎಂದು ನನ್ನಮ್ಮ ಮುನಿಯುತ್ತಿದ್ದಳು.
ಎಳೆ ಮುರಿಯಬಾರದು ಎಂಬುದೊಂದಕ್ಕೆ ಇಬ್ಬರೂ ಒಂದಾದರು.
ಅಷ್ಟರಲ್ಲಿ ನಾನು
ಹಿಡಿಹಿಡಿಯಾಗಿ ಮುರಿಯುತ್ತಿದ್ದೆ.

ಒಂದು ಪ್ಯಾಕೆಟ್ಟು 'ಡ್ಯಾಮೇಜ್' ಎಂದು ಬರೆದಾಯಿತು.
ಚಹಾದ ಕೋಣೆಯ ಮೈಕ್ರೊವೇವು, ಹಾಲು,
ಯಾರದೋ ಸಕ್ಕರೆ ಪುಡಿಕೆ ಏಳು.
ಹಾಲು ಉಕ್ಕಿ ಗಾಜಿನ ತಟ್ಟೆಯೆಲ್ಲ ಹರಡಿತು.
ಒರ್ನೆಲ್ಲಾ ಮೂಸಿದಳು: ಇದು ಜ್ವರ ಬಂದ ಮಕ್ಕಳಿಗೆ.
ವೆನ್‌ಬಿನ್: ಇದಕ್ಕೆ ಖಾರ ಎಲ್ಲಿ?
ಇಬ್ಬರೂ ಎರಡನೆಯ ಸಲ ಕಪ್ಪು ಚಾಚಿದರು.
ಅವನು ಸುರ್ರೆಂದಾಗ ಅವಳು ಕಣ್ಣು ಮುಚ್ಚಿಕೊಂಡಳು, ಅಷ್ಟೆ.

ಉಳಿದ ಇಪ್ಪತ್ತಮೂರು?
ಮ್ಯಾನೇಜರು ಡೆಸ್ಮಂಡ್ ಬಂದವನೇ
ಸಿಹಿಗೆ ಹಾಕುವುದಲ್ಲವೇ, ಕಸ್ಟರ್ಡ್ ಪಕ್ಕ ಇಡಿ, ಅಂದ.
ಒಂಬತ್ತನೆಯ ಸಾಲು. ಇಟ್ಟೆ.

ಬಸ್ಸಿಗೆ ಇನ್ನೂ ಹದಿನಾಲ್ಕು ನಿಮಿಷ.
ಜಾಕೆಟ್ಟಿನ ತೋಳಿಗೆ ಒಂದು ಎಳೆ ಅಂಟಿತ್ತು.
ಆಗಷ್ಟೆ ಬಿದ್ದ ಬಿಸಿಲಿಗೆ ಹಿಡಿದೆ.
ಒಣಗಿದೆಯೋ ಇಲ್ಲವೋ ಎಂದು
ನೀಲಗಂಗಕ್ಕ ನೋಡುತ್ತಿದ್ದ ಹಾಗೆ
ಕಿವಿಯ ಹತ್ತಿರ ತಂದು ಮುರಿದೆ.
ಟಿಕ್ ಅಂತು.